ಎಲ್ಲರಿಗೂ ಎಲ್ಲ ಗೊತ್ತಿರುವ ಊರಿನಲ್ಲಿ ಗುಟ್ಟು

2024ರ ಅಕ್ಟೋಬರ್ 28, ಸೋಮವಾರ. ದಾವಣಗೆರೆ ಜಿಲ್ಲೆಯ ನ್ಯಾಮತಿಯಲ್ಲಿ ಸ್ಟೇಟ್ ಬ್ಯಾಂಕ್ ಶಾಖೆಯ ಬಾಗಿಲು ತೆಗೆದವರಿಗೆ ಕಂಡದ್ದು ಕಿತ್ತ ಕಿಟಕಿ ಸರಳು, ಗ್ಯಾಸ್ ಕಟರ್‌ನಿಂದ ಕೊಯ್ದ ಲಾಕರ್ ಮತ್ತು ಎಲ್ಲೆಂದರಲ್ಲಿ ಚೆಲ್ಲಿದ ಖಾರದ ಪುಡಿ. ಗ್ರಾಹಕರು ಅಡವಿಟ್ಟಿದ್ದ 17.7 ಕೆ.ಜಿ. ಚಿನ್ನ ಮಾಯವಾಗಿತ್ತು. ಅದರ ಬೆಲೆ ಸುಮಾರು 13 ಕೋಟಿ ರೂಪಾಯಿ. ಸಿಸಿಟಿವಿ ನೋಡೋಣವೆಂದರೆ ಡಿವಿಆರ್ ಪೆಟ್ಟಿಗೆಯನ್ನೇ ಹೊತ್ತೊಯ್ದಿದ್ದರು. ಪೊಲೀಸ್ ನಾಯಿ ತಂದರೆ ಖಾರದ ಪುಡಿ ಅದರ ಮೂಗು ಕಟ್ಟಿಸಿತ್ತು. ಆ ರಾತ್ರಿ ಆ ಜಾಗದಲ್ಲಿ ಅನುಮಾನ ಹುಟ್ಟಿಸುವಂಥ ಮೊಬೈಲ್ ಒಂದೂ ಸದ್ದು ಮಾಡಿರಲಿಲ್ಲ.

ತನಿಖೆ ಮೊದಲು ಹೊರಟದ್ದು ಉತ್ತರ ಪ್ರದೇಶದ ಕಡೆಗೆ. ಬ್ಯಾಂಕ್ ಒಡೆಯುವುದನ್ನೇ ಕಸುಬು ಮಾಡಿಕೊಂಡ ತಂಡಗಳು ಅಲ್ಲಿವೆ, ಅವರ ಕೈಚಳಕವೂ ಹೀಗೇ ಇರುತ್ತದೆ ಎಂಬ ಲೆಕ್ಕ. ಐದು ತಿಂಗಳು ಕಳೆದ ಮೇಲೆ, 2025ರ ಮಾರ್ಚ್ ಕೊನೆಗೆ ಪೊಲೀಸರು ಆರು ಜನರನ್ನು ಹಿಡಿದರು. ಮುಖ್ಯ ಆರೋಪಿ ಎಂದು ಅವರು ಹೆಸರಿಸಿದ್ದು ನ್ಯಾಮತಿಯಲ್ಲೇ ಸ್ವೀಟ್ಸ್ ಅಂಗಡಿ ನಡೆಸುತ್ತಿದ್ದ, ತಮಿಳುನಾಡು ಮೂಲದ ಒಬ್ಬ ವ್ಯಾಪಾರಿಯನ್ನು. ಪೊಲೀಸರ ಪ್ರಕಾರ ಆತ 2023ರಲ್ಲಿ ಅದೇ ಬ್ಯಾಂಕಿಗೆ 15 ಲಕ್ಷ ರೂಪಾಯಿ ಸಾಲದ ಅರ್ಜಿ ಹಾಕಿದ್ದ, ಅರ್ಜಿ ತಿರಸ್ಕೃತವಾಗಿತ್ತು. ಆಮೇಲೆ 'ಮನಿ ಹೈಸ್ಟ್' ಸರಣಿ, ಯೂಟ್ಯೂಬ್ ವಿಡಿಯೊ ನೋಡಿ ತಿಂಗಳುಗಟ್ಟಲೆ ಸಂಚು ಹೂಡಿದ್ದ. ಚಿನ್ನದ ಬಹುಪಾಲು ಸಿಕ್ಕಿದ್ದು ಮಧುರೈ ಜಿಲ್ಲೆಯ ಉಸಿಲಂಪಟ್ಟಿ ಬಳಿ, 30 ಅಡಿ ಆಳದ ಬಾವಿಯೊಂದರಲ್ಲಿ.

ಈ ಸುದ್ದಿ ಬಂದ ವಾರ ದಾವಣಗೆರೆಯ ಹೋಟೆಲುಗಳಲ್ಲಿ ಬೆಣ್ಣೆ ದೋಸೆ ಆರಿ ಹೋಗುವವರೆಗೂ ಇದೇ ಮಾತು. ಕಥೆ ಬರೆಯುವ ಹುಚ್ಚಿರುವ ಹುಡುಗರು 'ಇದನ್ನೇ ಕಾದಂಬರಿ ಮಾಡಬಹುದಲ್ರೀ' ಅಂದರು. ಮಾಡಬಹುದು. ಆದರೆ ಯಾವುದನ್ನು? ಖಾರದ ಪುಡಿ, ಗ್ಯಾಸ್ ಕಟರ್, ಬಾವಿ, ಇವೆಲ್ಲ ಸಿನಿಮಾದ ಸರಕು. ನನ್ನನ್ನು ಹಿಡಿದು ನಿಲ್ಲಿಸುವುದು ಬೇರೆ. ಕಳ್ಳತನ ಆದ ಮೇಲೂ ಆ ಪೇಟೆಯಲ್ಲಿ ಅಂಗಡಿ, ಗಿರಾಕಿ, ದಿನದ ವ್ಯವಹಾರ ಎಲ್ಲ ಇದ್ದವು. ಒಡವೆ ಕಳೆದುಕೊಂಡ ಮನೆಯವರೂ ಆ ಪೇಟೆಯಲ್ಲೇ ಓಡಾಡುತ್ತಿದ್ದರು. ಅಡವಿಟ್ಟ ಮಾಂಗಲ್ಯದ ಸರ, ಮಗಳ ಮದುವೆಗೆ ಬಿಡಿಸಿಕೊಳ್ಳಬೇಕಿದ್ದ ಬಳೆ ಎಲ್ಲಿದೆಯೋ ಎಂದು ಬ್ಯಾಂಕಿನ ಮುಂದೆ ನಿಂತ ಜನ, ಅಲ್ಲಿಂದ ಮನೆಗೆ ಹೋಗುವಾಗ ಮಕ್ಕಳಿಗೆಂದು ಕಾಲು ಕಿಲೋ ಮೈಸೂರು ಪಾಕು ಎಲ್ಲಿ ಕಟ್ಟಿಸಿಕೊಂಡಿರಬಹುದು? ಇದು ಪೊಲೀಸ್ ಕಡತದಲ್ಲಿ ಇರುವುದಿಲ್ಲ. ಕಥೆಗಾರ ಊಹಿಸಬೇಕು. ಕಾದಂಬರಿ ಇರುವುದು ಅಲ್ಲಿ.

ಒಂದೇ ಸರಕನ್ನು ಎರಡು ಬಗೆಯಲ್ಲಿ ಹೇಳಬಹುದು. ಪೊಲೀಸರ ಬೆನ್ನ ಹಿಂದೆ ನಿಂತು ಹೇಳಿದರೆ ಅದು ಪತ್ತೇದಾರಿ. ಓದುಗನಿಗೂ ಇನ್‌ಸ್ಪೆಕ್ಟರಿಗೂ ತಿಳಿದಿರುವುದು ಸಮಸಮ. ಇಬ್ಬರೂ ಉತ್ತರ ಪ್ರದೇಶಕ್ಕೆ ಹೋಗಿ ಬರಿಗೈಲಿ ಬರುತ್ತಾರೆ, ಕೊನೆಯ ಅಧ್ಯಾಯದಲ್ಲಿ ಬಾವಿಗೆ ಇಳಿಯುತ್ತಾರೆ. ಅದೇ ಕಥೆಯನ್ನು ಬಾವಿಯ ದಂಡೆಯಿಂದ ಶುರುಮಾಡಿ ನೋಡಿ. ಚಿನ್ನ ಎಲ್ಲಿದೆ, ಯಾರು ಇಟ್ಟರು ಎಂಬುದು ಮೊದಲ ಪುಟದಲ್ಲೇ ಓದುಗನಿಗೆ ಗೊತ್ತು. ಬೇಸಿಗೆ ಬರುತ್ತಿದೆ, ನೀರು ಇಳಿಯುತ್ತಿದೆ. ಪಕ್ಕದ ಹೊಲದವನ ಮೋಟಾರು ಕೆಟ್ಟಿದೆ, ನಾಲ್ಕು ಕೊಡ ನೀರು ಸೇದಿಕೊಳ್ಳುತ್ತೇನೆ ಅನ್ನುತ್ತಾನೆ. ಬೇಡ ಅನ್ನಲು ಯಾವ ನೆಪವಿದೆ? ಇದು ಸಸ್ಪೆನ್ಸ್. ಮೊದಲನೆಯದರಲ್ಲಿ ಓದುಗನಿಂದ ವಿಷಯ ಮುಚ್ಚಿಡುತ್ತೇವೆ, ಎರಡನೆಯದರಲ್ಲಿ ಓದುಗನಿಗೆ ಹೇಳಿ ಪಾತ್ರಗಳಿಂದ ಮುಚ್ಚಿಡುತ್ತೇವೆ. ಹೊಸದಾಗಿ ಬರೆಯುವವರು ಇವೆರಡನ್ನೂ ಕಲಸಿಬಿಡುತ್ತಾರೆ. ಯಾರಿಂದ ಏನನ್ನು ಎಷ್ಟು ಹೊತ್ತು ಮುಚ್ಚಿಡಬೇಕು ಎಂಬ ಲೆಕ್ಕವಿಲ್ಲದೆ ಎಲ್ಲರಿಂದ ಎಲ್ಲವನ್ನೂ ಮುಚ್ಚಿಟ್ಟರೆ ಓದುಗನಿಗೆ ಹೆದರಿಕೆಯೂ ಆಗುವುದಿಲ್ಲ, ಕುತೂಹಲವೂ ಉಳಿಯುವುದಿಲ್ಲ.

ಈ ಲೆಕ್ಕ ಕನ್ನಡಕ್ಕೆ ಹೊಸದಲ್ಲ. ಸುಮಾರು ಹತ್ತನೆಯ ಶತಮಾನದ 'ವಡ್ಡಾರಾಧನೆ'ಯ 19 ಕಥೆಗಳಲ್ಲಿ ವಿದ್ಯುಚ್ಚೋರನ ಕಥೆಯೂ ಒಂದು. ಅವನೂ ಊರು ಕಾಯುವ ತಳಾರ ಯಮದಂಡನೂ ಬಾಲ್ಯದಲ್ಲಿ ಜೊತೆಗೆ ಓದಿದವರು. ಒಬ್ಬ ಕಲಿತದ್ದು ಕಳವಿನ ವಿದ್ಯೆ, ಇನ್ನೊಬ್ಬ ಕಾವಲಿನದು. ನೀನು ತಳಾರನಾಗಿರುವ ಊರಲ್ಲೇ ಕದಿಯುತ್ತೇನೆ ಎಂದು ಪಂಥ. ಮುಂದೆ ಅರಸನ ಹಾರ ಕಳುವಾಗುತ್ತದೆ. ಗಡುವಿನೊಳಗೆ ಕಳ್ಳನನ್ನು ಹಿಡಿಯದಿದ್ದರೆ ತಳಾರನ ತಲೆಗೇ ಸಂಚಕಾರ. ಕದ್ದವನು ಹಗಲು ಪಾಳುಗುಡಿಯಲ್ಲಿ ಕುಷ್ಠರೋಗಿಯ ವೇಷ ಹಾಕಿ ಬಿದ್ದಿರುತ್ತಾನೆ. ಕುಷ್ಠರೋಗಿಯ ಮುಖವನ್ನು ಯಾರು ನಿಂತು ನೋಡುತ್ತಾರೆ? ಸಾವಿರ ವರ್ಷದ ಹಿಂದಿನ ಈ ಜೈನ ಕಥೆಗಾರನಿಗೆ ಅಡಗಿಕೊಳ್ಳಲು ಗುಹೆ ಬೇಕಾಗಲಿಲ್ಲ, ಜನ ಕಣ್ಣು ತಿರುಗಿಸಿಕೊಳ್ಳುವ ಜಾಗ ಸಾಕಾಯಿತು. ಕಥೆ ಕೊನೆಗೆ ವೈರಾಗ್ಯದ ಕಡೆ ಹೊರಳುತ್ತದೆ, ಅದು ಅದರ ಧರ್ಮ. ಆದರೆ ಮುಕ್ಕಾಲು ಭಾಗ ಅಪ್ಪಟ ಪತ್ತೇದಾರಿ.

ಇನ್ನೊಂದು ಪಾಠ ದಾವಣಗೆರೆ ಪಕ್ಕದ ಹರಿಹರದ ಗುಡಿಯಲ್ಲೇ ನಿಂತಿದೆ. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಹೊತ್ತಿಗೆ ಕಟ್ಟಿಸಿದ ಹರಿಹರೇಶ್ವರ ದೇವಸ್ಥಾನದ ಮೂರ್ತಿ ಬಲಕ್ಕೆ ಶಿವ, ಎಡಕ್ಕೆ ವಿಷ್ಣು. ಸ್ಥಳಪುರಾಣ ಊರಲ್ಲಿ ಎಲ್ಲರಿಗೂ ಬಾಯಿಪಾಠ. ಗುಹಾಸುರ ತಪಸ್ಸು ಮಾಡಿ, ಹರಿಯಿಂದಲೂ ಹರನಿಂದಲೂ ಸಾವು ಬರಬಾರದೆಂದು ಬ್ರಹ್ಮನಿಂದ ವರ ಪಡೆದ. ಇಬ್ಬರೂ ಒಂದೇ ದೇಹವಾಗಿ ಬಂದು ಅವನನ್ನು ಕೊಂದರು. ಭಕ್ತಿಯನ್ನು ಒಂದು ಗಳಿಗೆ ಬದಿಗಿಟ್ಟು ಕಥೆಗಾರನ ಕಣ್ಣಲ್ಲಿ ನೋಡಿ. ಸಮಸ್ಯೆ ಮೊದಲೇ ಹೇಳಿದೆ, ಉತ್ತರವೂ ವರದ ಮಾತಿನಲ್ಲೇ ಇದೆ. ಕೇಳುವವನ ಕಣ್ಣೆದುರೇ ಇಟ್ಟ ಸಂದಿಯೊಂದರಿಂದ ದೇವರು ಒಳಗೆ ಬರುತ್ತಾನೆ. ಹಿರಣ್ಯಕಶಿಪುವಿನ ಕಥೆಯೂ ಇದೇ ಕಟ್ಟಿನದು. 1929ರಲ್ಲಿ ಇಂಗ್ಲೆಂಡಿನ ರೊನಾಲ್ಡ್ ನಾಕ್ಸ್ ಎಂಬ ಪಾದ್ರಿ ಪತ್ತೇದಾರಿ ಕಥೆಗೆ ಹತ್ತು ಕಟ್ಟಳೆ ಬರೆದ. ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗನಿಗೂ ಸಿಗಲೇಬೇಕು ಎಂಬುದು ಅದರಲ್ಲಿ ಒಂದು, ದೈವಿಕ ಶಕ್ತಿಗಳನ್ನು ಎಳೆದು ತರಬಾರದು ಎಂಬುದು ಇನ್ನೊಂದು. ನಮ್ಮ ಸ್ಥಳಪುರಾಣ ಎರಡನೆಯದನ್ನು ಮುರಿದು ಮೊದಲನೆಯದನ್ನು ಚಾಚೂ ತಪ್ಪದೆ ಪಾಲಿಸುತ್ತದೆ. ನಮ್ಮ ಎಷ್ಟೋ ಪತ್ತೇದಾರಿ ಕಾದಂಬರಿಗಳು ಮಾಡಿದ್ದು ಇದರ ತಿರುಗಾಮುರುಗಾ. ದೇವರನ್ನು ತರಲಿಲ್ಲ, ಕೊನೆಯ ಅಧ್ಯಾಯದಲ್ಲಿ ಎಲ್ಲಿಂದಲೋ ಒಬ್ಬ ಅವಳಿ ತಮ್ಮನನ್ನು ತಂದರು.

ಹಾಗೆಂದು ಆ ಕಾದಂಬರಿಗಳನ್ನು ಹಗುರವಾಗಿ ಕಾಣುವ ಜಾತಿ ನನ್ನದಲ್ಲ. ಎನ್. ನರಸಿಂಹಯ್ಯ ಓದಿದ್ದು ನಾಲ್ಕನೇ ಕ್ಲಾಸು, ಬರೆದದ್ದು ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ. ಪತ್ತೇದಾರ ಪುರುಷೋತ್ತಮ, ಮಧುಸೂದನ, ಅರಿಂಜಯ, ಗಾಳಿರಾಯ ಇವರೆಲ್ಲ ಒಂದು ಕಾಲದಲ್ಲಿ ಬಸ್ ಸ್ಟ್ಯಾಂಡಿನ ಪುಸ್ತಕದಂಗಡಿಯಿಂದ ಹಳ್ಳಿಯ ಕಟ್ಟೆಯವರೆಗೆ ಓಡಾಡಿದವರು. ಕನ್ನಡ ಬಾವುಟ ಕೊಟ್ಟ ಚಳವಳಿಗಾರ ಮ. ರಾಮಮೂರ್ತಿಯವರೂ ಹೊಟ್ಟೆಪಾಡಿಗೂ ಹಟಕ್ಕೂ ಪತ್ತೇದಾರಿ ಕಾದಂಬರಿಗಳನ್ನು ಬರೆದವರು. ಕನ್ನಡಿಗರನ್ನು ಕನ್ನಡ ಪುಸ್ತಕ ಕೊಳ್ಳುವಂತೆ ಮಾಡುವುದೂ ಅವರಿಗೆ ಚಳವಳಿಯ ಭಾಗವೇ. ಮಿಲ್ಲಿನ ಕೆಲಸಗಾರರಿಗೆ, ಲಾರಿ ಕ್ಲೀನರುಗಳಿಗೆ, ದಾವಣಗೆರೆಯ ಪಿ.ಬಿ. ರಸ್ತೆಯ ಅಂಗಡಿ ಹುಡುಗರಿಗೆ ಓದುವ ಚಟ ಹತ್ತಿಸಿದ್ದು ಇಂಥ ಪುಸ್ತಕಗಳು. ಮನೆಗಳಲ್ಲಿ ಇವು ದಿಂಬಿನ ಕೆಳಗೆ ಇರುತ್ತಿದ್ದವು, ಕಪಾಟಿನಲ್ಲಿ ಅಲ್ಲ. ವಿಮರ್ಶಕರೂ ಅಲ್ಲೇ ಬಿಟ್ಟರು.

ಟಿ.ಕೆ. ರಾಮರಾವ್ ಈ ಬರವಣಿಗೆಯನ್ನು ಇನ್ನೊಂದು ಮೆಟ್ಟಿಲು ಹತ್ತಿಸಿದರು. ರಹಸ್ಯ ಕಾದಂಬರಿಗಳಿಗೆ ಹೆಸರಾದ ಇವರದೇ ಕಥೆ 1972ರ 'ಬಂಗಾರದ ಮನುಷ್ಯ' ಸಿನಿಮಾಕ್ಕೆ ಮೂಲ ಎಂದರೆ ಈಗಿನವರು ಹುಬ್ಬೇರಿಸುತ್ತಾರೆ. ಬೇಸಾಯ, ತ್ಯಾಗ, ರಾಜ್‌ಕುಮಾರ್ ಎಂದಷ್ಟೇ ನೆನಪಿಟ್ಟುಕೊಂಡವರು ಅದರ ಒಳಗಿನ ಎಳೆಯನ್ನು ಮತ್ತೆ ನೋಡಬೇಕು. ಕಥಾನಾಯಕ ರಾಜೀವ ಯಾರಿಗೂ ಹೇಳದೆ ನೆರವಾಗುತ್ತಿದ್ದ ಇನ್ನೊಂದು ಮನೆಯ ಗುಟ್ಟು ಅಲ್ಲಿದೆ. ಆ ಗುಟ್ಟನ್ನು ತಪ್ಪಾಗಿ ಅರ್ಥ ಮಾಡಿಕೊಂಡದ್ದರಿಂದಲೇ ಮನೆ ಒಡೆಯುವುದು. ಕೊಲೆಯಿಲ್ಲ, ಪೊಲೀಸರಿಲ್ಲ. ಹಣ ಎಲ್ಲಿಗೆ ಹೋಗುತ್ತಿದೆ ಎಂಬ ಒಂದೇ ಅನುಮಾನ. ಕುಟುಂಬದ ಕಥೆಯ ಹೊಟ್ಟೆಯಲ್ಲಿ ರಹಸ್ಯ ಕಾದಂಬರಿಯ ಯಂತ್ರ ಓಡುತ್ತಿದೆ, ಬರೆದವರ ಕೈ ಪಳಗಿದ್ದು ಎಲ್ಲಿ ಎಂದು ಗೊತ್ತಾಗುತ್ತದೆ.

ವಾರಪತ್ರಿಕೆಗಳ ಧಾರಾವಾಹಿಗಳು ಕಲಿಸಿದ್ದೂ ಕಡಿಮೆಯಲ್ಲ. ಎಚ್.ಕೆ. ಅನಂತರಾವ್ ಅವರ 'ಅಂತ' 'ಸುಧಾ'ದಲ್ಲಿ ಬಂದು, 1981ರಲ್ಲಿ ಸಿನಿಮಾ ಆಗಿ ಗದ್ದಲ ಎಬ್ಬಿಸಿತು. ವಾರಕ್ಕೊಂದು ಕಂತು ಬರೆಯುವವರಿಗೆ ಕಂತಿನ ಕೊನೆಯ ಸಾಲು ಅನ್ನದ ಪ್ರಶ್ನೆ. ಬಾಗಿಲು ಬಡಿದ ಸದ್ದು, ಫೋನ್ ರಿಂಗಣಿಸಿತು, ಲೈಟ್ ಹೋಯಿತು ಎಂದು ಮುಗಿಸುವುದು ಸುಲಭ. ಮುಂದಿನ ವಾರ ಬಾಗಿಲು ತೆಗೆದರೆ ಹಾಲಿನವನು. ಇಂಥದನ್ನು ಎರಡು ಸಲ ಮಾಡಿದರೆ ಮೂರನೆಯ ಸಲ ನಿಜವಾದ ಕೊಲೆಗಾರ ಬಂದರೂ ಓದುಗ ಕೂತಲ್ಲಿಂದ ಅಲುಗುವುದಿಲ್ಲ. ಪಳಗಿದವರು ಕಂತನ್ನು ಒಂದು ತೀರ್ಮಾನದ ಅಂಚಿನಲ್ಲಿ ನಿಲ್ಲಿಸುತ್ತಿದ್ದರು. ಹೇಳಲೋ ಬೇಡವೋ, ಸಹಿ ಹಾಕಲೋ ಬೇಡವೋ? ಓದುಗ ವಾರವಿಡೀ ಅದನ್ನು ತನ್ನದೇ ತಾಪತ್ರಯವೆಂಬಂತೆ ಹೊತ್ತು ತಿರುಗುತ್ತಿದ್ದ.

ಈ ಹಳೆಯ ಸಾಲಿನ ನಿಜವಾದ ಕೊರತೆ ಊರು. ಪತ್ತೇದಾರನ ಕಾರು ಸರ್ರನೆ ಹೋಯಿತು, ಎಲ್ಲಿಗೋ ತಿಳಿಯದು. ಬಂಗಲೆ, ಕ್ಲಬ್ಬು, ಟಾರ್ಚು, ಕೋಟು. ಆ ಬಂಗಲೆ ಲಂಡನ್ನಿನಲ್ಲೂ ಇರಬಹುದು, ಬೆಂಗಳೂರಿನಲ್ಲೂ ಇರಬಹುದು. ಪೂರ್ಣಚಂದ್ರ ತೇಜಸ್ವಿ ಇದನ್ನು ಬದಲಿಸಿದರು. 'ಚಿದಂಬರ ರಹಸ್ಯ'ದಲ್ಲಿ ಗುಪ್ತಚರ ಇಲಾಖೆಯ ಅಂಗಾಡಿ ಕೆಸರೂರಿಗೆ ಬರುವುದು ಏಲಕ್ಕಿ ಇಳುವರಿ ಯಾಕೆ ಕುಸಿಯಿತು, ವಿಜ್ಞಾನಿ ಜೋಗಿಹಾಳರ ಸಾವಿನ ಹಿಂದೆ ಏನಿದೆ ಎಂದು ತಿಳಿಯಲು. ಅಲ್ಲಿ ಊರೇ ಒಗಟು. 'ಜುಗಾರಿ ಕ್ರಾಸ್' ಒಂದು ದಿನದೊಳಗೆ ಓಡಿ ಮುಗಿಯುತ್ತದೆ, ಏಲಕ್ಕಿ ವ್ಯಾಪಾರ, ಕಾಡಿನ ಕಳ್ಳಸಾಗಣೆ ಅರ್ಥವಾಗದವನಿಗೆ ಅದರ ಭಯವೂ ಅರ್ಥವಾಗದು. ಇತ್ತೀಚೆಗೆ ಕೆ.ಎನ್. ಗಣೇಶಯ್ಯನವರು ಶಾಸನ, ಇತಿಹಾಸದ ಆಧಾರಗಳನ್ನೇ ಸುಳಿವಾಗಿ ಮಾಡಿ ತಮ್ಮದೇ ದಾರಿ ಹಾಕಿಕೊಂಡಿದ್ದಾರೆ. ಅಂತೂ ಮಲೆನಾಡಿಗೆ ರಹಸ್ಯ ಬಂತು, ಬೆಂಗಳೂರಿಗೆ ಭೂಗತ ಲೋಕದ ಕಥೆ ಬಂತು, ಹಂಪಿಗೆ ನಿಧಿ ಬಂತು. ಬಯಲುಸೀಮೆಯ ವ್ಯಾಪಾರದ ಊರಿಗೆ ಏನೂ ಬರಲಿಲ್ಲ. ಕಾಡಿಲ್ಲ, ಮಂಜಿಲ್ಲ, ಬಿಸಿಲಲ್ಲಿ ಎಲ್ಲ ನಿಚ್ಚಳ ಕಾಣುತ್ತದೆ, ಇಲ್ಲೇನು ರಹಸ್ಯ ಎಂದುಕೊಂಡಂತಿದೆ.

ಅದು ತಪ್ಪು ಲೆಕ್ಕ ಎನ್ನುವುದು ನನ್ನ ವಾದ. ದಾವಣಗೆರೆಯಂಥ ಊರಿನಲ್ಲಿ ಎಲ್ಲರಿಗೂ ಎಲ್ಲರ ಬಗ್ಗೆ ಗೊತ್ತು. ಯಾರ ಮನೆ ಯಾವ ಬ್ಯಾಂಕಿಗೆ ಅಡವಿದೆ, ಯಾರ ಮಗ ಬೆಂಗಳೂರಲ್ಲಿ ನಿಜಕ್ಕೂ ಕೆಲಸದಲ್ಲಿದ್ದಾನೆ, ಯಾರು ಯಾರ ಕೈಯಲ್ಲಿ ಕೈಗಡ ತಂದಿದ್ದಾರೆ, ಎಲ್ಲ. ಗುಟ್ಟು ಇರುವುದು ತಿಳಿಯದ ವಿಷಯದಲ್ಲಿ ಅಲ್ಲ, ತಿಳಿದೂ ಬಾಯಿಬಿಡದ ವಿಷಯದಲ್ಲಿ. ಒಂದು ದಲಾಲಿ ಅಂಗಡಿಯ ಮುಂದೆ ನಿಲ್ಲಿ. ಮೆಕ್ಕೆಜೋಳದ ಸುಗ್ಗಿ ಮುಗಿದಿದೆ, ಹಳ್ಳಿಯಿಂದ ರೈತರೊಬ್ಬರು ಬಂದಿದ್ದಾರೆ, ಕೈಯಲ್ಲಿ ಬಿಳಿ ಚೀಟಿ. ಗದ್ದಿಗೆಯ ಮೇಲೆ ಯಜಮಾನರಿಲ್ಲ, ಗುಮಾಸ್ತ ಖಾತೆ ಪುಸ್ತಕದ ಮೇಲೆ ಕೈಯಿಟ್ಟು ಕೂತಿದ್ದಾನೆ.

'ಸಾವ್ಕಾರ್ರು ಎಲ್ಲದಾರ್ರೀ?'

'ತಿರುಪ್ತಿಗೆ ಹೋಗ್ಯಾರೆ.'

'ಹೋದ ವಾರಾನೂ ಅದನ್ನೇ ಅಂದ್ರಿ. ಯಾವಾಗ ಬರ್ತಾರೆ?'

'ಬರ್ತಾರೆ. ಕೂತ್ಕಳ್ರಿ, ಚಾ ತರಿಸ್ತೀನಿ.'

ಅಷ್ಟೇ. ಪಕ್ಕದ ಅಂಗಡಿಯವನು ಇತ್ತ ನೋಡುವುದಿಲ್ಲ. ಹಮಾಲರು ಚೀಲ ಹೊರುವುದನ್ನು ನಿಲ್ಲಿಸುವುದಿಲ್ಲ. ಆದರೆ ಕಾಟಾದ ಹುಡುಗನಿಂದ ಹಿಡಿದು ಲಾರಿ ಡ್ರೈವರ್‌ವರೆಗೆ ಎಲ್ಲರಿಗೂ ಅಂಗಡಿ ಮುಳುಗಿದೆ ಎಂದು ಗೊತ್ತು. ಗೊತ್ತಿಲ್ಲದವರು ಒಬ್ಬರೇ, ಚಾ ಕುಡಿಯುತ್ತಿರುವವರು. ಓದುಗನಿಗೆ ಇದು ಗುಮಾಸ್ತ ಚಾ ಹೇಳಿದ ಗಳಿಗೆಯಲ್ಲಿ ಹೊಳೆಯಬೇಕು, ಒಂದು ಸಾಲು ಮೊದಲೂ ಬೇಡ. ಗಮನಿಸಿ, ಗುಮಾಸ್ತ ಸುಳ್ಳು ಹೇಳಿಲ್ಲ. ಸಾಹುಕಾರರು ತಿರುಪತಿಗೆ ಹೋಗಿರಬಹುದು, ಬರಲೂಬಹುದು. ಅಗಾಥಾ ಕ್ರಿಸ್ಟಿ 1926ರಲ್ಲಿ 'ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್' ಬರೆದಾಗ ಮಾಡಿದ ಕಸರತ್ತು ಇದೇ. ಕಥೆ ಹೇಳುವ ಡಾಕ್ಟರು ಆಡಿದ ಮಾತೆಲ್ಲ ನಿಜ, ಹೇಳದೆ ದಾಟಿಸಿದ್ದು ಹತ್ತು ನಿಮಿಷವನ್ನು ಮಾತ್ರ. ಓದುಗರು ಮೋಸ ಎಂದು ಕೂಗಾಡಿದರು, ಪುಟ ತಿರುಗಿಸಿ ಹುಡುಕಿದರೆ ಮೋಸ ಎಲ್ಲೂ ಸಿಗಲಿಲ್ಲ. ನಮ್ಮ ಮಂಡಿಪೇಟೆಯ ಗುಮಾಸ್ತರಿಗೆ ಈ ವಿದ್ಯೆಯನ್ನು ಯಾರೂ ಕಲಿಸಬೇಕಾಗಿಲ್ಲ.

ಕಸುಬಿನ ಒಳಗಿನ ತಿಳಿವಳಿಕೆ ಸುಳಿವಿಗೆ ಒಳ್ಳೆಯ ಗಣಿ. ಮಂಡಕ್ಕಿ ಭಟ್ಟಿಯನ್ನೇ ತೆಗೆದುಕೊಳ್ಳಿ. ದಾವಣಗೆರೆಯವರು ಮಿರ್ಚಿ ಜೊತೆ ತಿನ್ನುವ ಮಂಡಕ್ಕಿ ಹಿಂದೆ ದೊಡ್ಡ ಬೇಗೆಯಿದೆ. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿ, ಉಪ್ಪುನೀರು ಸೋಕಿಸಿ, ಕೆಂಡದಂತೆ ಕಾದ ಮರಳಿಗೆ ಸುರಿದು ಕದಡುತ್ತಾರೆ. ಅಕ್ಕಿ ಕ್ಷಣದಲ್ಲಿ ಅರಳುತ್ತದೆ, ಜರಡಿ ಹಿಡಿದರೆ ಮರಳು ಕೆಳಗೆ, ಮಂಡಕ್ಕಿ ಮೇಲೆ. ನಸುಕಿನಿಂದ ಈ ಕೆಲಸ ಮಾಡುವವರ ಅಂಗಿಯ ಮಡಿಕೆಯಲ್ಲಿ, ಕಿವಿಯ ಹಿಂದೆ ನವುರಾದ ಕಪ್ಪು ಮರಳು ಕೂತಿರುತ್ತದೆ. ಹೊಳೆಯ ಮರಳಿನಂತೆ ಅದು ಮಿನುಗುವುದಿಲ್ಲ. ಸುಟ್ಟು ಸುಟ್ಟು ಮಂಕಾಗಿರುತ್ತದೆ. ಈಗ ಒಂದು ಹೆಣ ಹೊಳೆದಂಡೆಯಲ್ಲಿ ಸಿಕ್ಕಿತೆನ್ನಿ, ಬಟ್ಟೆಯಲ್ಲಿ ಮರಳಿದೆ. ಹೊಳೆದಂಡೆಯ ಹೆಣದಲ್ಲಿ ಮರಳು ಇರುವುದು ಸಹಜ ಎಂದು ಎಲ್ಲರೂ ದಾಟಿ ಹೋಗುತ್ತಾರೆ. ಭಟ್ಟಿಯಲ್ಲಿ ದುಡಿದ ಒಬ್ಬ ಹೆಣ್ಣುಮಗಳು ಮಾತ್ರ ಬೆರಳಲ್ಲಿ ಉಜ್ಜಿ ನೋಡಿ ಸುಮ್ಮನಾಗುತ್ತಾಳೆ. ಮಂಡಕ್ಕಿ ಹೇಗಾಗುತ್ತದೆ ಎಂಬುದನ್ನು ಮೂರನೇ ಅಧ್ಯಾಯದಲ್ಲಿ, ಬೇರೆ ಯಾವುದೋ ಕಾರಣಕ್ಕೆ, ಓದುಗನಿಗೆ ಬಾಯಿ ಚಪ್ಪರಿಸುವಂತೆ ಹೇಳಿಬಿಟ್ಟಿರಬೇಕು. ಸುಳಿವನ್ನು ಸುಳಿವೆಂದು ತೋರಿಸಿದರೆ ಕೆಟ್ಟಿತು. ಅದು ತಿಂಡಿಯ ವರ್ಣನೆಯ ವೇಷದಲ್ಲಿ ಒಳಗೆ ಬರಬೇಕು.

ಪೊಲೀಸ್ ಕೆಲಸದ ವಿಷಯದಲ್ಲಿ ಕನ್ನಡದ ಬರಹಗಾರರು ಇನ್ನೂ ಸಿನಿಮಾ ನೋಡಿಯೇ ಬರೆಯುತ್ತಾರೆ. ಹೆಣ ಸಿಕ್ಕಿದ ತಕ್ಷಣ ಅದು ಕೊಲೆ ಕೇಸಾಗುವುದಿಲ್ಲ, ಎಷ್ಟೋ ಸಲ ಮೊದಲು ಯುಡಿಆರ್, ಅಂದರೆ ಅಸಹಜ ಸಾವಿನ ವರದಿ. ಪಂಚರನ್ನು ಕರೆದು ಮಹಜರು. ಆ ಪಂಚರು ಯಾರು? ಅಲ್ಲೇ ಚಾ ಅಂಗಡಿಯಲ್ಲಿ ನಿಂತಿದ್ದವರು. ಅವರಲ್ಲೊಬ್ಬ ಸಹಿ ಹಾಕಲು ಹಿಂದೇಟು ಹಾಕಿದರೆ ಅದೇ ಒಂದು ಅಧ್ಯಾಯ. 2024ರ ಜುಲೈ 1ರಿಂದ ಕಾನೂನೂ ಬದಲಾಗಿದೆ. ಕೊಲೆ ಈಗ ಭಾರತೀಯ ನ್ಯಾಯ ಸಂಹಿತೆಯ 103ನೇ ಕಲಂ, ಆದರೂ ಜನರ ಬಾಯಲ್ಲಿ ಇನ್ನೂ '302 ಕೇಸು'. ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧವಾದರೆ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕೆಂದು ಹೊಸ ನಾಗರಿಕ ಸುರಕ್ಷಾ ಸಂಹಿತೆ ಹೇಳುತ್ತದೆ. ದಾವಣಗೆರೆಯಲ್ಲೇ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯವಿದೆ, ಎಲ್ಲವನ್ನೂ ಬೆಂಗಳೂರಿಗೆ ಕಳಿಸಿ ಕಾಯುವ ಪಾತ್ರ ಇನ್ನು ನಂಬಿಕೆಗೆ ಬರುವುದಿಲ್ಲ.

ಮೊಬೈಲ್ ಬಂದ ಮೇಲೆ ರಹಸ್ಯ ಕಥೆ ಸತ್ತಿತು ಎನ್ನುವವರಿದ್ದಾರೆ. ಟವರ್ ಲೊಕೇಶನ್ ತೆಗೆದರೆ ಮುಗಿಯಿತಲ್ಲ ಎಂಬುದು ಅವರ ಗೊಣಗು. ಅದಕ್ಕಾಗಿ ಎಷ್ಟೋ ಜನ ಕಥೆಯನ್ನು ಎಂಬತ್ತರ ದಶಕಕ್ಕೆ ಓಡಿಸುತ್ತಾರೆ, ಇಲ್ಲವೇ ಪಾತ್ರವನ್ನು ಸಿಗ್ನಲ್ ಸಿಗದ ಕಾಡಿಗೆ ಅಟ್ಟುತ್ತಾರೆ. ನನಗಂತೂ ಮೊಬೈಲು ಹೊಸ ಸವಲತ್ತಾಗಿಯೇ ಕಾಣುತ್ತದೆ. ಸದಾ ಜೇಬಲ್ಲಿ ಫೋನಿರುವವನು ಒಂದು ಸಂಜೆ ಅದನ್ನು ಮನೆಯಲ್ಲೇ ಬಿಟ್ಟು ಹೊರಟರೆ, ಬಿಟ್ಟು ಹೋದದ್ದೇ ಸುಳಿವು.

ಪೊಲೀಸ್ ನಾಯಿಯ ಕಥೆ ಬೇರೆಯದೇ ಪಾಠ ಹೇಳುತ್ತದೆ. ದಾವಣಗೆರೆ ಪೊಲೀಸ್ ಶ್ವಾನದಳದ ಡಾಬರ್‌ಮನ್ ತುಂಗಾ 2020ರ ಜುಲೈನಲ್ಲಿ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ಕಡೆಯ ಕೊಲೆಯೊಂದರ ವಾಸನೆ ಹಿಡಿದು ಸುಮಾರು 12 ಕಿ.ಮೀ. ಓಡಿ ದೇಶಕ್ಕೆಲ್ಲ ಸುದ್ದಿಯಾಯಿತು. ಬೆಂಗಳೂರಿನಿಂದ ಹಿರಿಯ ಅಧಿಕಾರಿ ಬಂದು ಅದಕ್ಕೆ ಹಾರ ಹಾಕಿದರು. ನಾಲ್ಕು ವರ್ಷದ ಮೇಲೆ, 2024ರ ಜುಲೈನಲ್ಲಿ, ಅದರ ಹೆಸರನ್ನೇ ಹೊತ್ತ ತುಂಗಾ-2 ಅದೇ ತಾಲ್ಲೂಕಿನಲ್ಲಿ ಇನ್ನೊಂದು ಕೊಲೆಯ ಜಾಡು ಹಿಡಿದು 8 ಕಿ.ಮೀ. ಓಡಿ ಒಂದು ಮನೆಯ ಮುಂದೆ ನಿಂತಿತು. ಒಳಗೆ ಆರೋಪಿ ಹೆಂಡತಿಯನ್ನು ಹೊಡೆಯುತ್ತಿದ್ದ. ಪೊಲೀಸರು ಆಗ ಒಳಗೆ ಹೋಗದಿದ್ದರೆ ಅದೇ ದಿನ ಇನ್ನೊಂದು ಹೆಣ ಬೀಳುತ್ತಿತ್ತು.

ಇದನ್ನು ಕಾದಂಬರಿಯಲ್ಲಿ ಬರೆದು ಸಂಪಾದಕರಿಗೆ ಕೊಟ್ಟರೆ ನಕ್ಕು ವಾಪಸ್ ಕೊಡುತ್ತಾರೆ. ಸರಿಯಾಗಿ ಅದೇ ಗಳಿಗೆಗೆ ನಾಯಿ ಬಂತೇ, ಸ್ವಾಮಿ? ನಡೆದದ್ದಕ್ಕೆ ನಂಬಿಸುವ ಹಂಗಿಲ್ಲ, ಬರೆದದ್ದಕ್ಕೆ ಇದೆ. ಕಾಕತಾಳೀಯದಿಂದ ಪಾತ್ರ ಕಷ್ಟಕ್ಕೆ ಸಿಕ್ಕಿದರೆ ಓದುಗ ಒಪ್ಪುತ್ತಾನೆ, ಅದರಿಂದಲೇ ಪಾರಾದರೆ ಪುಸ್ತಕ ಮಡಚುತ್ತಾನೆ. ಈ ಘಟನೆಯನ್ನು ಬರೆಯಲೇಬೇಕೆಂದರೆ ನಾಯಿಯನ್ನು ಕೊನೆಗೆ ಇಡಬಾರದು, ಮೊದಲಿಗೆ ಇಡಬೇಕು. ಜಾಡು ಹಿಡಿದು ಬಂದ ನಾಯಿ ಬಾಗಿಲಲ್ಲಿ ಬೊಗಳುತ್ತದೆ, ಗಂಡನನ್ನು ಕರೆದೊಯ್ಯುತ್ತಾರೆ, ಮನೆಯಲ್ಲಿ ಹೆಂಡತಿ ಉಳಿಯುತ್ತಾಳೆ. ಅಕ್ಕಪಕ್ಕದವರು ಇಷ್ಟು ದಿನ ಹೊಡೆತದ ಸದ್ದು ಕೇಳಿದ್ದರೇ, ಕೇಳಿಯೂ ಟಿವಿ ಜೋರು ಮಾಡಿಕೊಂಡಿದ್ದರೇ? ಮುಂದಿನ ಇನ್ನೂರು ಪುಟ ಆ ಓಣಿಯದು.

ದಾವಣಗೆರೆಯಿಂದ ಹದಿನೈದು ಕಿ.ಮೀ. ಆಸುಪಾಸಿನ ಹರಿಹರ ರಹಸ್ಯ ಕಥೆಗೆ ದಾವಣಗೆರೆಗಿಂತಲೂ ವಾಸಿ ನೆಲ, ಯಾಕೆಂದರೆ ಅದು ಗಡಿಯ ಊರು. ತುಂಗಭದ್ರೆಯ ಈಚೆ ದಡ ದಾವಣಗೆರೆ ಜಿಲ್ಲೆ, ಆಚೆ ದಡ ರಾಣೆಬೆನ್ನೂರು ತಾಲ್ಲೂಕು, ಹಾವೇರಿ ಜಿಲ್ಲೆ. 1956ರ ಏಕೀಕರಣಕ್ಕೆ ಮುಂಚೆ ಈಚೆ ಮೈಸೂರು, ಆಚೆ ಮುಂಬಯಿ ಪ್ರಾಂತ್ಯ. ಒಂದೇ ಭಾಷೆ, ಒಂದೇ ನೆಂಟಸ್ತಿಕೆ, ಬೇರೆ ಬೇರೆ ಸರ್ಕಾರ. 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತ್ ಯಂತ್ರಗಳಿಗೆ ಹೆಸರಾಯಿತು, ಎಷ್ಟೋ ಮನೆಗಳಿಗೆ ಸಂಬಳ, ಕ್ವಾರ್ಟರ್ಸು, ಮರ್ಯಾದೆ ಕೊಟ್ಟು ಒಂದು ದಿನ ಮುಚ್ಚಿತು. ಆಚೆ ಕುಮಾರಪಟ್ಟಣದಲ್ಲಿ ಪಾಲಿಫೈಬರ್ಸ್ ಚಿಮಣಿ. ಹರಿಹರದ ಜನ ಇಂದಿಗೂ ಸೇತುವೆ ದಾಟಿ ಕೆಲಸಕ್ಕೆ ಹೋಗುತ್ತಾರೆ, ಸಂಜೆ ದಾಟಿ ಬರುತ್ತಾರೆ.

ಈ ಸೇತುವೆಯ ಕೆಳಗೆ, ಹೊಳೆಯ ನಡುವಿನ ಬಂಡೆಗೆ ಒಂದು ಹೆಣ ಸಿಕ್ಕಿಹಾಕಿಕೊಂಡಿತೆನ್ನಿ. ಯಾವ ಠಾಣೆಯದು? ಯಾವ ಠಾಣೆಯಲ್ಲಾದರೂ ಝೀರೋ ಎಫ್‌ಐಆರ್ ಹಾಕಬಹುದು ಎನ್ನುತ್ತದೆ ಹೊಸ ಕಾನೂನು. ಆದರೆ ಹೆಣ ಇನ್ನೊಂದು ಐವತ್ತು ಅಡಿ ಆಚೆ ತೇಲಲಿ ಎಂದು ಕಾಯುವ ಹಳೆಯ ಅಭ್ಯಾಸವನ್ನು ಕಾನೂನು ಬಿಡಿಸಲಾರದು. ಸತ್ತವನು ಕಿರ್ಲೋಸ್ಕರಿನಲ್ಲಿ ಟರ್ನರ್ ಆಗಿದ್ದ ಮುದುಕ, ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಬೆರಳಲ್ಲೇ ಹೇಳುತ್ತಿದ್ದ ಕೈ. ಕಾರ್ಖಾನೆ ಮುಚ್ಚಿದ ಮೇಲೆ ಸಂಗಾತಿಗಳ ಹಣ ಕೂಡಿಸಿ ಚೀಟಿ ನಡೆಸುತ್ತಿದ್ದ. ಕಥೆಯನ್ನು ಹರಿಹರದ ಠಾಣೆಯಿಂದ ಶುರುಮಾಡಿದರೆ ಮೊದಲ ಪುಟದಲ್ಲೇ ಯಾರಾದರೊಬ್ಬರು 'ಅಯ್ಯೋ, ಇವರು ನಮ್ಮ ಮಾವನವರಲ್ಲಾ' ಅಂದುಬಿಡುತ್ತಾರೆ, ಕಥೆ ಮುಗಿಯುತ್ತದೆ. ಆದ್ದರಿಂದ ನಾನಾದರೆ ಕುಮಾರಪಟ್ಟಣದ ದಡದಿಂದ ಶುರುಮಾಡುತ್ತೇನೆ, ಈ ಸೀಮೆಯ ಪರಿಚಯವಿಲ್ಲದ ಬೀದರ್ ಕಡೆಯ ಒಬ್ಬ ಪಿಎಸ್‌ಐ ಕೈಯಲ್ಲಿ. ಅವನು ಫೋಟೊ ಹಿಡಿದು ಸೇತುವೆ ದಾಟಿ ಬರುತ್ತಾನೆ. ದೇವಸ್ಥಾನದ ರಸ್ತೆಯಲ್ಲಿ ಹೂವಿನವಳು, ಸೈಕಲ್ ಶಾಪಿನವನು, ಹೋಟೆಲಿನ ಗಲ್ಲೆಯವನು, ಎಲ್ಲರೂ ಫೋಟೊವನ್ನು ಬೇಕಾದದ್ದಕ್ಕಿಂತ ಒಂದು ಗಳಿಗೆ ಹೆಚ್ಚೇ ನೋಡಿ 'ಗೊತ್ತಿಲ್ರೀ ಸರ' ಅನ್ನುತ್ತಾರೆ. ಎಲ್ಲರೂ ಆ ಚೀಟಿಯಲ್ಲಿ ದುಡ್ಡು ಹಾಕಿದವರು. ಒಬ್ಬರಿಗೂ ಕೊಲೆ ಮಾಡಿದವನು ಯಾರೆಂದು ಗೊತ್ತಿಲ್ಲ, ಆದರೆ ಪ್ರತಿಯೊಬ್ಬರಿಗೂ ಅದು ತನ್ನ ಮನೆಯವನೇ ಇರಬಹುದು ಎಂಬ ಅನುಮಾನವಿದೆ.